ಗದಿಗೆಮ್ಮನ ಜೋಡಿ ಫೋಟೋ

ಗದಿಗೆಮ್ಮ ಗಂಡನ ಹೆಸರು ಹೇಳುವವಳಲ್ಲ. ಹೈದರಾಬಾದಿನ ಉಪ್ಪಲ್‌ನಲ್ಲಿ ನಾವಿರುವ ಬಾಡಿಗೆ ಮನೆಗಳ ಸಾಲಿನಲ್ಲಿ ಅವಳದು ನನ್ನ ಪಕ್ಕದ ಕೋಣೆ, ನಡುವೆ ಒಂದೇ ಗೋಡೆ. ಇಪ್ಪತ್ತೆರಡು ವರ್ಷದಿಂದ ಅತ್ತಲಿನ ಮಾತು ನನಗೆ, ಇತ್ತಲಿನ ಮಾತು ಅವಳಿಗೆ ಕೇಳುತ್ತ ಬಂದಿದೆ. ಆದರೂ ಅವಳ ಗಂಡನ ಹೆಸರು ಚಂದ್ರಾಮ ಎಂದು ನನಗೆ ಗೊತ್ತಾದದ್ದು ಆಧಾರ್ ಕಾರ್ಡಿನವರು ಬಂದು ಕೇಳಿದ ದಿನ. ಆಗಲೂ ಹೆಸರು ಹೇಳಿದವಳು ಮಗಳು ದಾನೇಶ್ವರಿ. ಗದಿಗೆಮ್ಮ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು. ಅವಳ ಬಾಯಲ್ಲಿ ಅವನು ಯಾವಾಗಲೂ ‘ದಾನಿ ಅಪ್ಪ’.

ಅವರ ಊರು ಯಾದಗಿರಿ ಕಡೆಯದು. ಮದುವೆಯಾಗಿ ಮೂರನೆಯ ವರ್ಷಕ್ಕೆ, ಒಂದು ವರ್ಷದ ಕೂಸನ್ನು ಎತ್ತಿಕೊಂಡು ಗಂಡ ಹೆಂಡತಿ ಹೈದರಾಬಾದಿಗೆ ಕೆಲಸಕ್ಕೆ ಬಂದರು. ಅವನು ಕಬ್ಬಿಣದ ಸರಳು ಬಗ್ಗಿಸಿ ಕಟ್ಟುತ್ತಿದ್ದ, ಇವಳು ಜಲ್ಲಿ ಕಂಕರಿನ ಬುಟ್ಟಿ ಹೊರುತ್ತಿದ್ದಳು. ಕಟ್ಟುತ್ತಿರುವ ಮನೆಯಲ್ಲೇ ಮಲಗುವುದು, ಅದು ಮುಗಿದರೆ ಮುಂದಿನ ಮನೆ. ಹಾಗೆ ಏಳು ತಿಂಗಳು ಕಳೆಯಿತು. ಶ್ರಾವಣ ಮುಗಿದ ಮೇಲೆ ಒಬ್ಬ ಮೇಸ್ತ್ರಿ ಸೊಲ್ಲಾಪುರದ ಕಡೆ ಎರಡು ತಿಂಗಳ ಕೆಲಸ ಇದೆಯೆಂದು ನಾಲ್ಕು ಮಂದಿಯನ್ನು ಕರೆದುಕೊಂಡು ಹೋದ. ತಿರುಗಿ ಬಂದವರು ಮೂವರು. ಚಂದ್ರಾಮ ಪುಣೆಗೆ ಹೋಗುವ ಬೇರೆ ಗುಂಪು ಸೇರಿಕೊಂಡ ಎಂದು ಒಬ್ಬ ಹೇಳಿದ. ಊರಿಗೆ ಹೋಗುತ್ತೇನೆಂದು ಸ್ಟೇಷನ್ನಿಗೆ ಹೋದ ಎಂದು ಇನ್ನೊಬ್ಬ ಹೇಳಿದ. ಮೂರನೆಯವನು ತನಗೆ ಗೊತ್ತಿಲ್ಲ ಎಂದ. ಗದಿಗೆಮ್ಮ ಕೂಸನ್ನು ಟೊಂಕದ ಮೇಲಿಟ್ಟುಕೊಂಡು ಎರಡು ಸಲ ಸೊಲ್ಲಾಪುರಕ್ಕೆ ಹೋಗಿ ಬಂದಳು. ಆಸ್ಪತ್ರೆಯಲ್ಲಿ ಕೇಳಿದಳು, ಠಾಣೆಯಲ್ಲಿ ಕೇಳಿದಳು, ಕೆಲಸ ನಡೆಯುವ ಕಡೆಯೆಲ್ಲ ನಿಂತು ಕೇಳಿದಳು. ಇದ್ದಾನೆ ಎನ್ನುವವರೂ ಸಿಗಲಿಲ್ಲ, ಸತ್ತ ಎನ್ನುವವರೂ ಸಿಗಲಿಲ್ಲ. ಇದಾಗಿ ಇಪ್ಪತ್ತಾರು ವರ್ಷ.

ಅವಳು ಕುಂಕುಮ ಬಿಡಲಿಲ್ಲ. ದಿನಾ ಬೆಳಿಗ್ಗೆ ತಲೆ ಬಾಚಿ, ಗೋಡೆಗೆ ಅಂಟಿಸಿದ ಒಡಕು ಕನ್ನಡಿಯ ಮುಂದೆ ನಿಂತು, ರೂಪಾಯಿ ಅಗಲದ ಕುಂಕುಮ ಇಟ್ಟುಕೊಳ್ಳುತ್ತಾಳೆ. ಮೊದಮೊದಲು ಉಪ್ಪಲ್ ಚೌರಸ್ತಾದ ಕೂಲಿ ಅಡ್ಡಾದಲ್ಲಿ ಕೆಲಸಕ್ಕೆ ಕಾದು ನಿಂತಾಗ ಜೊತೆಯ ಹೆಂಗಸರು ಚುಚ್ಚುತ್ತಿದ್ದರಂತೆ, ಯಾರಿಗೆ ತೋರಿಸಲಿಕ್ಕೆ ಇಷ್ಟು ದೊಡ್ಡದು ಎಂದು. ಇವಳು ಜಗಳಕ್ಕೆ ಹೋದವಳಲ್ಲ. ಮರುದಿನ ಇನ್ನೂ ಒಂದು ಸುತ್ತು ಅಗಲ ಇಟ್ಟುಕೊಂಡು ಹೋಗುತ್ತಿದ್ದಳು. ಈಗ ಬುಟ್ಟಿ ಹೊರುವ ಶಕ್ತಿ ಇಲ್ಲ. ಕೊಂಡಾಪುರದ ಒಂದು ಆಫೀಸಿನಲ್ಲಿ ನೆಲ ಒರೆಸುತ್ತಾಳೆ. ವಯಸ್ಸು ನಲವತ್ತೆಂಟು. ಬಿಸಿಲು ಕುಡಿದ ಮುಖ ನೋಡಿದವರು ಅರವತ್ತು ಎನ್ನುತ್ತಾರೆ.

ಚಂದ್ರಾಮನ ಗುರುತಿಗೆ ಅವಳ ಹತ್ತಿರ ಇದ್ದದ್ದು ಒಂದು ಫೋಟೋ. ಕೆಲಸದ ಜಾಗದ ಗೇಟ್ ಪಾಸಿಗೆಂದು ತೆಗೆಸಿದ್ದು, ಬೆರಳಿನಷ್ಟು ಅಗಲ, ಕಪ್ಪು ಬಿಳುಪು. ಎರಡು ಪ್ರತಿ ಕೊಟ್ಟಿದ್ದರಂತೆ. ಒಂದು ಪಾಸಿನ ಜೊತೆ ಅವನ ಜೇಬಿನಲ್ಲೇ ಹೋಯಿತು. ಗಂಡ ಹೆಂಡತಿ ಕೂಡಿ ತೆಗೆಸಿಕೊಂಡದ್ದು ಒಂದೂ ಇಲ್ಲ. ಮದುವೆಯಲ್ಲಿ ಫೋಟೋದವನನ್ನು ಕರೆಯುವಷ್ಟು ಅನುಕೂಲ ಇಬ್ಬರ ಮನೆಗೂ ಇರಲಿಲ್ಲ.

ಈ ವರ್ಷ ಜ್ಯೇಷ್ಠದಲ್ಲಿ ಅವಳ ಅತ್ತೆ ಊರಲ್ಲಿ ತೀರಿಕೊಂಡಳು. ಆ ಮುದುಕಿ ಬದುಕಿರುವ ತನಕ ದೊಡ್ಡ ಮಗನ ಹೆಸರಿನಲ್ಲಿ ಯಾರೂ ಕೆಟ್ಟ ಮಾತು ಆಡುವಂತಿರಲಿಲ್ಲ. ಅವಳು ಹೋದ ಮೇಲೆ ಮನೆಗೆ ಹಿರಿಯನೆಂದರೆ ಚಂದ್ರಾಮನ ತಮ್ಮ ಮಲ್ಲು. ಭಾದ್ರಪದ ಹಿಡಿಯುವ ಹೊತ್ತಿಗೆ ಅವನ ಫೋನ್ ಬಂತು. ಬರುವ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡಬೇಕು, ಹೈದರಾಬಾದಿನವರು ಪೆತ್ರಮಾಸ ಎಂದು ಮಾಡುತ್ತಾರಲ್ಲ, ಅದೇ ದಿನ. ಗೋಡೆಯಲ್ಲಿ ಅಪ್ಪನ ಫೋಟೋ ಇದೆ, ಈಗ ಅವ್ವನದೂ ಬಂತು, ಅಣ್ಣನ ಫೋಟೋ ನಿಮ್ಮ ಹತ್ತಿರ ಮಾತ್ರ ಇದೆ, ದೊಡ್ಡದು ಮಾಡಿಸಿ ಕಳಿಸಿ ಎಂದ. ಅವನ ದನಿ ಗೋಡೆಯ ಈಚೆಗೂ ಕೇಳುತ್ತಿತ್ತು.

“ವೈನಿ, ನಾ ಸಿಟ್ಟಿಲೆ ಹೇಳಾಕತ್ತಿಲ್ಲ. ಅವ್ವಗ ಉಣ್ಣಾಕ ಇಟ್ಟು ಅಣ್ಣಗ ಇಡದಿದ್ರ ನನಗ ತುತ್ತು ಇಳಿಯೂದಿಲ್ಲ. ಅಂವ ಎಲ್ಲಿ ಹಸಕೊಂಡು ತಿರಗಾಕತ್ತಾನೋ ಯಾರಿಗೆ ಗೊತ್ತೈತಿ.”

ಗದಿಗೆಮ್ಮ ಹೂಂ ಅಂದಳು. ಅಷ್ಟೇ ಅಂದಳು. ಮಲ್ಲು ಅವಳಿಗೆ ಕೆಟ್ಟವನಲ್ಲ. ಪ್ರತಿ ಸುಗ್ಗಿಗೆ ಬಸ್ಸಿನ ಮೇಲೆ ಜೋಳದ ಚೀಲ ಹಾಕಿ ಕಳಿಸಿದವನು, ದಾನೇಶ್ವರಿಯ ಮದುವೆಯಲ್ಲಿ ತಂದೆಯ ಜಾಗದಲ್ಲಿ ಕೂತು ಧಾರೆ ಎರೆದವನು. ಅವನಿಗೆ ಆಗುವುದಿಲ್ಲ ಎಂದು ಹೇಗೆ ಹೇಳಬೇಕು? ಆಗಲಿ ಎಂದರೆ ತನ್ನ ಕೈಯಿಂದಲೇ ಗಂಡನನ್ನು ಸತ್ತವರ ಸಾಲಿಗೆ ಸೇರಿಸಿದಂತೆ. ನಾಲ್ಕು ದಿನ ಅದೇ ಯೋಚನೆಯಲ್ಲಿ ಕಳೆದಳು. ಎರಡು ಗಲ್ಲಿ ಆಚೆ ಇರುವ ದಾನೇಶ್ವರಿ ಸಂಜೆ ಬಂದು ಕಾಕಾ ಹೇಳುವುದರಲ್ಲಿ ತಪ್ಪೇನಿದೆ ಎಂದು ತಾಯಿಗೆ ತಿಳಿಹೇಳಿ ಹೋಗುತ್ತಿದ್ದಳು. ಅವಳಿಗೆ ಅಪ್ಪನೆಂದರೆ ಆ ಬೆರಳಗಲದ ಫೋಟೋನೇ. ಅದು ಟ್ರಂಕಿನಲ್ಲಿದ್ದರೂ ಅಷ್ಟೇ, ಗೋಡೆಯಲ್ಲಿದ್ದರೂ ಅಷ್ಟೇ.

ಐದನೆಯ ದಿನ ನೀರು ತುಂಬುವಾಗ ಗದಿಗೆಮ್ಮ ಕೊಡ ಕೆಳಗಿಟ್ಟು ನನ್ನನ್ನು ಕೇಳಿದಳು. “ಅಕ್ಕಾ, ನಿಮ್ಮ ಫೋಟೋದಣ್ಣಾರು ಇಬ್ಬರನ್ನ ಕೂಡ್ಸಿ ಒಂದ ಫೋಟೋ ಮಾಡತಾರಲ್ಲ, ಜೀವಂತ ಇದ್ದಾಕಿ ಫೋಟೋಕ್ಕ ಯಾರಾದರೂ ಎಡಿ ಇಡತಾರೇನು?”

ಇಡುವುದಿಲ್ಲ ಎಂದೆ. ಇದ್ದವರ ಪಟಕ್ಕೆ ಹಾರ ಹಾಕುವುದಿಲ್ಲ, ಎಡೆಯ ಮುಂದೆ ನಿಲ್ಲಿಸುವುದಿಲ್ಲ. ಅಪಶಕುನ ಎಂದು ಸಣ್ಣವರಿಗೂ ಗೊತ್ತು. ಹೇಳುತ್ತ ಹೇಳುತ್ತ ಅವಳು ಏನು ಯೋಚನೆ ಮಾಡಿದ್ದಾಳೆ ಎಂದು ನನಗೆ ಹೊಳೆಯಿತು. ಮೈದುನ ಫೋಟೋ ಕೇಳಿದ್ದಾನೆ, ಕಳಿಸುತ್ತಾಳೆ. ಆದರೆ ಗಂಡನ ಪಕ್ಕದಲ್ಲಿ ಕುಂಕುಮ ಇಟ್ಟುಕೊಂಡು ತಾನೂ ಕೂತಿರುತ್ತಾಳೆ. ಕೇಳಿದವನ ಮಾತು ಮುರಿದಂತೆ ಆಗಬಾರದು, ಗಂಡನ ಮುಂದೆ ಎಡೆಯೂ ಬೀಳಬಾರದು.

ಫೋಟೋದಣ್ಣಾರು ಎಂದರೆ ಅಂಬಾದಾಸರು. ಸುಲ್ತಾನ್ ಬಜಾರಿನ ಒಂದು ಗಲ್ಲಿಯಲ್ಲಿ ಅವರ ಸ್ಟುಡಿಯೋ. ಅದರ ಕಟ್ಟೆಯ ಮೇಲೆ ಹೊಲಿಗೆ ಮಷೀನು ಇಟ್ಟುಕೊಂಡು ನಾನು ಸೀರೆಗೆ ಫಾಲ್ ಹಚ್ಚುತ್ತೇನೆ. ಅವರ ಅಜ್ಜ ನಿಜಾಮರ ಕಾಲದಲ್ಲಿ ಭಾಲ್ಕಿಯಿಂದ ಬಂದು ಸರ್ಕಾರಿ ಕೆಲಸ ಹಿಡಿದವರು. ಮನೆಯಲ್ಲಿ ಉಳಿದವರೆಲ್ಲ ಕಚೇರಿ ಸೇರಿದರು, ಇವರೊಬ್ಬರು ಹದಿನೆಂಟರಲ್ಲಿ ಕತ್ತಲೆ ಕೋಣೆ ಸೇರಿದರು. ಕೆಂಪು ಬಲ್ಬಿನ ಕೆಳಗೆ ಫೋಟೋ ತೊಳೆಯುತ್ತಿದ್ದ ಆ ಕೋಣೆಯಲ್ಲಿ ಈಗ ಖಾಲಿ ಚೌಕಟ್ಟುಗಳನ್ನು ತುಂಬಿದ್ದಾರೆ, ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ಅಲ್ಲಿಯೂ ಅವರ ಕೈ ಕಪ್ಪು ಬಿಳುಪಿಗೇ ಹೆಸರಾದದ್ದು. ಹೊಸದಾಗಿ ಮದುವೆಯಾದವರು ಮೊಬೈಲಿನ ಬಣ್ಣದ ಫೋಟೋ ತಂದು ಹಳೆಯ ಕಾಲದ ಹಾಗೆ ಮಾಡಿಕೊಡಿ ಎನ್ನುತ್ತಾರೆ. ಬಣ್ಣ ತೆಗೆಯುವುದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು, ಯಾವ ಬಣ್ಣ ಎಷ್ಟು ಕಪ್ಪಾಗಬೇಕು ಅನ್ನುವುದೇ ಕೆಲಸ ಎಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ಮಷೀನು ತುಳಿಯುತ್ತ ನಾನು ಅದನ್ನು ನೂರು ಸಲವಾದರೂ ಕೇಳಿರಬೇಕು. ಅದರ ಅರ್ಥ ತಿಳಿದದ್ದು ಗದಿಗೆಮ್ಮ ಬಂದ ದಿನ.

ಅವಳು ಕೆಲಸಕ್ಕೆ ರಜೆ ಹಾಕಿ, ಮಗಳನ್ನು ಕರೆದುಕೊಂಡು ಬಂದಳು. ಗಂಡನ ಫೋಟೋವನ್ನು ಕಾಗದದ ಮಡಿಕೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. ಗದಿಗೆಮ್ಮನ ಫೋಟೋ ದಾನೇಶ್ವರಿಯ ಮೊಬೈಲಿನಲ್ಲಿತ್ತು, ಯುಗಾದಿಗೆ ತೆಗೆದದ್ದು: ಹಸಿರು ಸೀರೆ, ಕೆಂಪು ಅಂಚು, ಹಣೆಯಲ್ಲಿ ಕುಂಕುಮ. ಅಂಬಾದಾಸರು ಎರಡನ್ನೂ ಕಂಪ್ಯೂಟರಿಗೆ ಹಾಕಿಕೊಂಡು ಅಕ್ಕಪಕ್ಕ ಇಟ್ಟರು. ಒಬ್ಬರು ಬಣ್ಣದಲ್ಲಿ, ಒಬ್ಬರು ಬೂದಿ ಬಣ್ಣದಲ್ಲಿ. ಬೇಕಾದರೆ ಯಜಮಾನರಿಗೇ ಬಣ್ಣ ಹಾಕಬಹುದು, ಅಂಗಿ ಯಾವ ಬಣ್ಣದ್ದಿತ್ತು ಎಂದು ಕೇಳಿದರು.

ನೀಲಿ ಗೆರೆಯದು ಎಂದು ಗದಿಗೆಮ್ಮ ತಟ್ಟನೆ ಹೇಳಿದಳು. ಆಮೇಲೆ ಬೇಡ ಎಂದಳು.

“ಅವಗ ಏನೂ ಹಚ್ಚಬ್ಯಾಡ್ರಿ ಅಣ್ಣಾರ. ಅಂವ ಇದ್ದಂಗ ಇರಲಿ. ನಾನ ಅವನ ಕಡೆ ಹೋಗತೀನಿ.”

ಅಂಬಾದಾಸರು ಗುಂಡಿ ಒತ್ತಿದರು. ಗದಿಗೆಮ್ಮನ ಸೀರೆ, ಅಂಚು, ಹಿಂದಿನ ಗೋಡೆ, ಮುಖ ಎಲ್ಲವೂ ಒಲೆಯ ಬೂದಿಯ ಹಾಗೆ ಒಂದೇ ಆಯಿತು. ಇದು ಹೀಗೇ ಇರುವುದಿಲ್ಲ ತಡಿ ಎಂದು ಅವರು ಪಕ್ಕದಲ್ಲಿ ಒಂದು ಪಟ್ಟಿ ತೆರೆದರು. ಒಂದೊಂದು ಬಣ್ಣಕ್ಕೆ ಒಂದೊಂದು ಗೆರೆ, ಗೆರೆಯ ಮೇಲೆ ಜರುಗುವ ಒಂದು ಗುಂಡು. ಬಣ್ಣ ಹೋದರೂ ಅದರ ಲೆಕ್ಕ ಒಳಗೆ ಇರುತ್ತದಂತೆ. ಹಸಿರಿನ ಗುಂಡು ಕೆಳಗೆ ತಂದರೆ ಸೀರೆ ಕಪ್ಪಾಯಿತು, ಮೇಲೆ ತಂದರೆ ಬೆಳ್ಳಗಾಯಿತು. ಚಂದ್ರಾಮನ ಫೋಟೋ ಸ್ಟುಡಿಯೋದ ದೀಪದಲ್ಲಿ ತೆಗೆದದ್ದು, ಅವನ ಮುಖ ನುಣ್ಣಗೆ ಬೆಳ್ಳಗೆ ಇತ್ತು. ಅದರ ಪಕ್ಕ ಇವಳು ಕಪ್ಪಾಗಿ ಕಾಣಬಾರದೆಂದು ಅಂಬಾದಾಸರು ಕೆಂಪಿನ ಗುಂಡನ್ನು ಮೇಲೆ ಒಯ್ದರು. ನೋಡನೋಡುತ್ತ ಗದಿಗೆಮ್ಮನ ಮುಖದ ಬಿಸಿಲು ಇಳಿಯಿತು, ಕಣ್ಣಿನ ಕೆಳಗಿನ ಗೆರೆ ಅಳಿಸಿಹೋಯಿತು. ಹತ್ತು ವರ್ಷ ಕಡಿಮೆಯಾಯಿತಲ್ಲ ಎಂದು ಅವರು ಸಂತೋಷದಿಂದ ಆಕೆಯ ಕಡೆ ತಿರುಗಿದರು.

ಗದಿಗೆಮ್ಮ ತನ್ನ ಹಣೆ ಮುಟ್ಟಿಕೊಂಡಳು. ನಾನು ಮಷೀನು ಬಿಟ್ಟು ಒಳಗೆ ಬಂದು ನಿಂತಿದ್ದೆ. ಪರದೆಯ ಮೇಲಿನ ಹಣೆಯಲ್ಲಿ ಏನೂ ಇರಲಿಲ್ಲ. ಕೆಂಪು ಬೆಳ್ಳಗಾದಾಗ ಕುಂಕುಮವೂ ಅದರ ಜೊತೆಗೆ ಬೆಳ್ಳಗಾಗಿ ಚರ್ಮದಲ್ಲಿ ಸೇರಿಹೋಗಿತ್ತು. ಗಂಡನ ಪಕ್ಕದಲ್ಲಿ ಬೋಳು ಹಣೆಯ ಹೆಂಗಸು. ಮಲ್ಲು ಅದನ್ನು ನೋಡಿದರೆ, ವೈನಿ ಒಪ್ಪಿಕೊಂಡಳು ಎಂದೇ ತಿಳಿಯುತ್ತಾನೆ.

ಅಂಬಾದಾಸರಿಗೆ ತಿಳಿಯುವುದಕ್ಕೆ ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಅವರ ಮುಖವೂ ಇಳಿಯಿತು. ನಲವತ್ತು ವರ್ಷ ಈ ಕೆಲಸ ಮಾಡಿ ಹೀಗೆ ಮಾಡಿಬಿಟ್ಟೆನಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಅದಕ್ಕೇನು, ಬ್ರಷ್ ತೆಗೆದುಕೊಂಡು ಹಣೆಗೆ ಒಂದು ಕರಿ ಚುಕ್ಕೆ ಇಟ್ಟುಬಿಡುತ್ತೇನೆ, ಒಂದು ನಿಮಿಷದ ಕೆಲಸ ಎಂದು ಬಾಣದ ಗುರುತನ್ನು ಅವಳ ಹುಬ್ಬುಗಳ ನಡುವೆ ತಂದರು.

“ಬ್ಯಾಡ್ರಿ ಅಣ್ಣಾರ,” ಎಂದಳು ಗದಿಗೆಮ್ಮ. “ನೀವು ಇಡಬಾರದ್ರಿ. ಪರಪುರುಷರು ನನ್ನ ಹಣಿಗಿ ಕುಂಕುಮ ಇಡಬಾರದು. ನಾ ಇಟಗೊಂಡಿದ್ದು ಒಳಗ ಐತಿ ಅಂದ್ರೆಲ್ಲ, ಅದನ್ನ ಹೊರಗ ತರ್ರಿ.”

ದಾನೇಶ್ವರಿ, ಇದು ಫೋಟೋ ಯವ್ವಾ, ನಿನ್ನ ಹಣೆ ಇಲ್ಲೇ ಇದೆಯಲ್ಲ ಎಂದು ನಗಲು ನೋಡಿದಳು. ತಾಯಿ ಅವಳ ಕಡೆ ತಿರುಗಲಿಲ್ಲ. ಅಂಬಾದಾಸರು ಮೌಸಿನ ಮೇಲಿನ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ತಪ್ಪಾಯಿತು ತಂಗಿ ಎಂದರು. ಆಮೇಲೆ ಹೇಳಿದರು, ಹೊರಗೆ ತರಬಹುದು, ಆದರೆ ಕುಂಕುಮ ಕಪ್ಪಾಗಬೇಕೆಂದರೆ ಕೆಂಪು ಕೆಳಗೆ ಇಳಿಯಬೇಕು, ಇಳಿದರೆ ಮುಖವೂ ಕಪ್ಪಾಗುತ್ತದೆ, ಅಳಿಸಿದ ಗೆರೆಗಳೆಲ್ಲ ತಿರುಗಿ ಬರುತ್ತವೆ, ಇನ್ನೂ ಹೆಚ್ಚಾಗಿಯೇ ಬರುತ್ತವೆ.

“ಬರಲಿ. ನಾ ಕರಗ ಅದೀನಿ, ಅವಗ ಗೊತ್ತೈತಿ.”

ಗುಂಡು ಕೆಳಗೆ ಇಳಿಯಿತು. ಮೊದಲು ತುಟಿ ಕಪ್ಪಾಯಿತು, ಆಮೇಲೆ ಕೆನ್ನೆ. ಬಿಸಿಲಿನ ಕಲೆ, ಹಳೆಯ ಗಾಯದ ಗುರುತು, ಬಾಯಿಯ ಎರಡೂ ಕಡೆಯ ಮಡಿಕೆ, ಎಲ್ಲ ಒಂದೊಂದಾಗಿ ಎದ್ದು ಬಂದವು. ಕೊನೆಗೆ ಹಣೆಯ ನಡುವೆ, ಮಸುಕಾಗಿ, ಆಮೇಲೆ ಗಟ್ಟಿಯಾಗಿ, ಕುಂಕುಮ ಮೂಡಿತು. ಅಂಚು ಸ್ವಲ್ಪ ಉದುರಿದ್ದೂ ಕಾಣುತ್ತಿತ್ತು, ಅವಳು ಬೆರಳಿನಿಂದ ಇಟ್ಟುಕೊಂಡದ್ದು ಎಂದು ಗೊತ್ತಾಗುವ ಹಾಗೆ. ಗದಿಗೆಮ್ಮ ಸಾಕು ಎಂದಳು.

ಆಮೇಲೆ ಅಂಬಾದಾಸರು ಹಳೆಯ ಫೋಟೋದಲ್ಲಿರುವಂಥ ಕಾಳಿನಂಥ ಸಣ್ಣ ಸಣ್ಣ ಚುಕ್ಕೆಗಳನ್ನು ಅವಳ ಫೋಟೋಕ್ಕೂ ಉದುರಿಸಿದರು. ಹಿಂದಿನ ಗೋಡೆ ತೆಗೆದು ಒಂದೇ ಪರದೆ ಹಾಕಿದರು. ಗಂಡನ ಎಡಕ್ಕೆ ಹೆಂಡತಿಯನ್ನು ಸರಿಸಿ ಭುಜಕ್ಕೆ ಭುಜ ತಾಗಿಸಿದರು. ಈಗ ಇಬ್ಬರೂ ಒಂದೇ ದಿನ, ಒಂದೇ ಬೆಂಚಿನ ಮೇಲೆ ಕೂತು ತೆಗೆಸಿಕೊಂಡ ಹಾಗಾಯಿತು. ಹಾಗಾದದ್ದಕ್ಕೇ ಇನ್ನೊಂದು ಎದ್ದು ಕಂಡಿತು. ಬಣ್ಣ ಬೇರೆ ಇರುವ ತನಕ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅದನ್ನು ಬಾಯಿಬಿಟ್ಟು ಹೇಳಿದವಳು ದಾನೇಶ್ವರಿ. “ಯವ್ವಾ, ಅಪ್ಪ ನನ್ನ ಅಣ್ಣ ಇದ್ದಂಗ ಕಾಣತಾನಲ್ಲ.”

ಅವಳು ಬೇಕೆಂದು ಅಂದದ್ದಲ್ಲ. ಅವಳಿಗೆ ಇಪ್ಪತ್ತೇಳು, ಫೋಟೋದಲ್ಲಿ ಅವನಿಗೆ ಇಪ್ಪತ್ತೆಂಟು. ಗದಿಗೆಮ್ಮ ಬಹಳ ಹೊತ್ತು ನೋಡಿದಳು. ಇಪ್ಪತ್ತಾರು ವರ್ಷ ಆ ಫೋಟೋವನ್ನು ಅಂಗೈಯಲ್ಲಿಟ್ಟು ನೋಡಿದ್ದಾಳೆ, ಆದರೆ ಅದರ ಪಕ್ಕ ತನ್ನ ಮುಖ ಇಟ್ಟು ನೋಡಿದವಳಲ್ಲ. ಪರದೆಯ ಮೇಲೆ ಕೂತಿದ್ದದ್ದು ಒಬ್ಬ ತಾಯಿ, ಒಬ್ಬ ಮಗ.

ಅಂಬಾದಾಸರು ಮೆಲ್ಲಗೆ ಎರಡು ದಾರಿ ಹೇಳಿದರು. ಇವಳ ವಯಸ್ಸು ಇಳಿಸಬಹುದು, ಇಲ್ಲವೆ ಅವನ ವಯಸ್ಸು ಏರಿಸಬಹುದು. ಏರಿಸಿ ಎಂದಳು. ಕಳೆದ ಒಂದು ಗಂಟೆಯಲ್ಲಿ ಅವಳ ಧ್ವನಿಯಲ್ಲಿ ಆಸೆ ಕೇಳಿದ್ದು ಆಗ. ಅವರು ಕಿವಿಯ ಮೇಲಿನ ಕೂದಲು ಬೆಳ್ಳಗೆ ಮಾಡಿದರು. ಇವಳು ಕುರ್ಚಿಯ ಅಂಚಿಗೆ ಬಂದು ಒಂದೊಂದೇ ಹೇಳತೊಡಗಿದಳು. ನಮ್ಮ ಮಾವನಿಗೆ ಮುಂದಲೆಯ ಕೂದಲು ಮೊದಲು ಹೋಯಿತು, ಇವನಿಗೂ ಹಾಗೇ ಹೋಗಿರುತ್ತದೆ. ಆ ಮನೆಯವರಿಗೆ ಹೊಟ್ಟೆ ಬರುವುದಿಲ್ಲ, ಗಲ್ಲ ಒಳಗೆ ಹೋಗುತ್ತದೆ. ಸರಳು ಕಟ್ಟುವವರಿಗೆ ಕಣ್ಣು ಕಿರಿದಾಗುತ್ತದೆ, ಬಿಸಿಲು ನೋಡಿ ನೋಡಿ. ಅಂಬಾದಾಸರು ಅವಳು ಹೇಳಿದ ಹಾಗೆಲ್ಲ ಮಾಡಿದರು. ಅರ್ಧ ಗಂಟೆ ಹಿಡಿಯಿತು. ಅವಳು ಹಾಗೆ ಗಂಡನ ವಿಷಯ ಮಾತಾಡಿದ್ದನ್ನು ನಾನು ಗೋಡೆಯ ಆಚೆಯಿಂದ ಒಂದು ದಿನವೂ ಕೇಳಿರಲಿಲ್ಲ.

ಕೆಲಸ ಮುಗಿಸಿ ಅವರು ಕೈ ತೆಗೆದಾಗ ಪರದೆಯ ಮೇಲೆ ಐವತ್ತು ದಾಟಿದ ಒಬ್ಬ ಗಂಡಸು ಇದ್ದ. ಕೆಟ್ಟದಾಗಿ ಏನೂ ಇರಲಿಲ್ಲ. ಕೋಠಿಯ ಬಸ್ ಸ್ಟಾಪಿನಲ್ಲಿ, ಉಪ್ಪಲ್ ಅಡ್ಡಾದಲ್ಲಿ, ಎಲ್ಲಿ ನೋಡಿದರೂ ಸಿಗುವಂಥ ಮುಖ.

“ಇವರು ಯಾರೋ,” ಎಂದಳು ಗದಿಗೆಮ್ಮ. ಆಮೇಲೆ, ನಮಗೆ ಹೇಳಿದಂತೆಯೂ ಅಲ್ಲ, “ಎದುರಿಗಿ ಬಂದ್ರೂ ದಾರಿ ಬಿಟ್ಟು ಸರದು ನಿಂದ್ರತಿದ್ದೆ. ಎಷ್ಟು ಸಲ ಬಂದು ಹೋಗ್ಯಾನೋ.”

ಹೊರಗೆ ಒಬ್ಬಳು ಫಾಲ್ ಹಚ್ಚಿದ ಸೀರೆ ಕೇಳಿಕೊಂಡು ಬಂದು ನಿಂತಿದ್ದಳು, ನಾನು ಕೈಸನ್ನೆ ಮಾಡಿ ಕಾಯಿಸಿದೆ. ದಾನೇಶ್ವರಿ ತಾಯಿಯ ಬೆನ್ನ ಮೇಲೆ ಕೈ ಇಟ್ಟು, ಅಪ್ಪನನ್ನು ಮೊದಲು ಇದ್ದ ಹಾಗೇ ಮಾಡಿಬಿಡಿ ಎಂದು ತಾನೇ ಹೇಳಿದಳು. ಅಂಬಾದಾಸರು ಹಿಂದೆ ಹಿಂದೆ ಹೋದರು. ಕೂದಲು ಕಪ್ಪಾಯಿತು, ಗಲ್ಲ ತುಂಬಿತು. ಕೊನೆಗೆ ಚಂದ್ರಾಮ ಮತ್ತೆ ಇಪ್ಪತ್ತೆಂಟರವನಾಗಿ ಅವಳ ಪಕ್ಕ ಕೂತ. ಗದಿಗೆಮ್ಮನ ವಯಸ್ಸು ಇಳಿಸಲೇ ಎಂದು ಅವರು ಇನ್ನೊಂದು ಸಲ ಕೇಳಿದರು. ಬೇಡ, ಇಷ್ಟು ದಿನ ಕಾದದ್ದು ಕಾಣಲಿ ಎಂದಳು. ಎರಡು ಪ್ರತಿ ತೆಗೆಸಿ, ದೊಡ್ಡದಕ್ಕೆ ಮರದ ಬಣ್ಣದ ಚೌಕಟ್ಟು ಹಾಕಿಸಿದಳು. ಸತ್ತವರಿಗೆ ಹಾಕಿಸುವ ಕರಿ ಚೌಕಟ್ಟಿನ ಕಡೆ ಕಣ್ಣೂ ಹಾಯಿಸಲಿಲ್ಲ.

ಅಮಾವಾಸ್ಯೆಗೆ ಅವಳಿಗೆ ರಜೆ ಸಿಗಲಿಲ್ಲ ಎಂದು ಹೇಳಿದಳು. ಕೇಳಿದ್ದಳೋ ಇಲ್ಲವೋ. ಚೌಕಟ್ಟನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಗಳ ಕೈಯಲ್ಲಿ ಊರಿಗೆ ಕಳಿಸಿದಳು. ಆ ದಿನ ಕೆಲಸದಿಂದ ಬೇಗ ಬಂದು ನನ್ನ ಬಾಗಿಲಲ್ಲೇ ಕೂತಳು. ಗಲ್ಲಿಯಲ್ಲಿ ಹೆಣ್ಣುಮಕ್ಕಳು ಅಂದೇ ಶುರುವಾಗುವ ಹೂವಿನ ಹಬ್ಬ ಬತುಕಮ್ಮನಿಗೆ ಹೂವು ಜೋಡಿಸುತ್ತಿದ್ದರು. ಅವಳು ಅತ್ತ ನೋಡುವುದು, ಮಡಿಲಲ್ಲಿದ್ದ ಫೋನು ನೋಡುವುದು. ಮಲ್ಲು ಸಿಟ್ಟಾದರೆ ಆಗಲಿ ಎನ್ನುವಳು, ಆಗಬಾರದು ಎಂದೂ ಎನ್ನುವಳು.

ನಾಲ್ಕು ಗಂಟೆಗೆ ದಾನೇಶ್ವರಿಯ ಫೋನ್ ಬಂತು. ಗದಿಗೆಮ್ಮನಿಗೆ ಕಿವಿ ಸ್ವಲ್ಪ ಮಂದ, ನಾನು ಸ್ಪೀಕರ್ ಹಾಕಿಕೊಟ್ಟೆ. ಕಾಕಾ ಸುತ್ತಿದ ಸೀರೆ ಬಿಚ್ಚಿ ಚೌಕಟ್ಟು ನೋಡಿದನಂತೆ. ಕುಂಕುಮದ ಮೇಲೆ ಬೆರಳು ಇಟ್ಟು ನೋಡಿದನಂತೆ. ಆಮೇಲೆ, ನಮ್ಮ ವೈನಿ ಭಾಳ ಶಾಣ್ಯಾಕಿ ಎಂದನಂತೆ. ಹಿರಿಯರ ಸಾಲಿನಲ್ಲಿ ಅದನ್ನು ಇಡಲಿಲ್ಲ. ಒಳಗೆ ಬರುವ ಬಾಗಿಲ ಪಕ್ಕದ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿದನಂತೆ. ಅಜ್ಜನಿಗೆ ಒಂದು ಎಲೆ, ಅಜ್ಜಿಗೆ ಒಂದು ಎಲೆ ಹಾಕಿ ಎಡೆ ಇಟ್ಟರು. ಆದರೆ ಕಾಕಾ ಊಟಕ್ಕೆ ಕೂಡಲಿಲ್ಲ, ಅಣ್ಣನಿಗೆ ಇಡದೆ ಹೇಗೆ ಉಣ್ಣಲಿ ಎಂದು ಕಟ್ಟೆಯ ಮೇಲೆ ಹೋಗಿ ಕೂತನಂತೆ. ಆಗ ಅವನ ಹೆಂಡತಿ, ಕಾಕೂ ಸುಭದ್ರಾ, ಒಳಗೆ ಹೋಗಿ ಒಂದು ತಾಟಿನಲ್ಲಿ ಎಲ್ಲವನ್ನೂ ಬಡಿಸಿ, ಮೇಲೊಂದು ತಾಟು ಮುಚ್ಚಿ, ಅಡುಗೆ ಮನೆಯ ಗೂಡಿನಲ್ಲಿ ಇಟ್ಟು ಬಂದಳಂತೆ. ಹೊಲದಿಂದ ತಡವಾಗಿ ಬರುವವರಿಗೆ ದಿನಾ ಏನು ಮಾಡುತ್ತೇವೆ, ಅದನ್ನೇ ಮಾಡಿದ್ದೇನೆ, ಎದ್ದು ಬನ್ನಿ ಎಂದಳಂತೆ. ಕಾಕಾ ಎದ್ದು ಬಂದು ಉಂಡನಂತೆ.

ಗದಿಗೆಮ್ಮ ಫೋನಿನ ಕಡೆ ಬಾಗಿದಳು.

“ಏನೇನು ಬಡಿಸ್ಯಾಳ?” ಎಂದು ಕೇಳಿದಳು ಗದಿಗೆಮ್ಮ.

ಮಗಳು ಹೇಳಿದಳು. ಹೋಳಿಗೆ, ಕಡುಬು, ಅನ್ನ, ಸಾರು, ಪುಂಡಿಪಲ್ಯ, ಬದನೆಕಾಯಿ.

“ಬದನಿಕಾಯಿ ಅವಗ ನಂಜಾಗತೈತಿ. ಮೈಯೆಲ್ಲ ಗಂಧಿ ಏಳತಾವ. ತೆಗೀ ಅನ್ನು ಕಾಕೂಗ. ಹೋಗು, ತೆಗದು ಬಂದು ಹೇಳು. ನಾ ಫೋನ್ ಹಿಡಕೊಂಡಿರತೀನಿ.”

ದಾನೇಶ್ವರಿ ಫೋನು ಕೈಯಲ್ಲಿ ಹಿಡಿದುಕೊಂಡೇ ಹೋದಳೆಂದು ಕಾಣುತ್ತದೆ. ಅವಳ ಹೆಜ್ಜೆ, ಯಾರೋ ಏನೋ ಕೇಳಿದ್ದು, ಅವಳು ಉತ್ತರ ಹೇಳಿದ್ದು, ಆಮೇಲೆ ತಾಟಿನ ಮೇಲಿನ ತಾಟು ತೆಗೆದ ಸದ್ದು. ಚಮಚ ತಾಟಿಗೆ ತಾಗಿದ ಸದ್ದು. ಗದಿಗೆಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡಿದ್ದಳು. ಆಮೇಲೆ ತಾಟು ತಿರುಗಿ ಮುಚ್ಚಿದ ಸದ್ದು ನಮ್ಮಿಬ್ಬರಿಗೂ ಕೇಳಿತು.